ರೆಸಿಪ್ರೊಕೇಟಿಂಗ್ ಸಾ: ದಕ್ಷಿಣ ಬೆಂಗಳೂರಿನ ಮನೆ ಕೆಡವುವ ಕೆಲಸದಲ್ಲಿ

ರೆಸಿಪ್ರೊಕೇಟಿಂಗ್ ಸಾ ಎಂದರೆ ನೇರವಾದ ಬ್ಲೇಡನ್ನು ಹಿಂದಕ್ಕೂ ಮುಂದಕ್ಕೂ ರಭಸದಿಂದ ಓಡಿಸಿ ಮರ, ಕಬ್ಬಿಣ, ಪೈಪುಗಳನ್ನು ಕತ್ತರಿಸುವ ವಿದ್ಯುತ್ ಗರಗಸ. ಪುಟ್ಟ ಮಾದರಿಗಳನ್ನು ಬಿಟ್ಟರೆ ಎರಡು ಕೈಯಲ್ಲೂ ಹಿಡಿದು ನಡೆಸಬೇಕು. ಬಾಷ್ ಕಂಪನಿ ಇದನ್ನು ಸೇಬರ್ ಸಾ ಎಂದು ಮಾರುತ್ತದೆ. ಅಮೆರಿಕದ ಮಿಲ್ವಾಕಿ ಕಂಪನಿ 1951ರಲ್ಲಿ ‘ಸಾಜಾಲ್’ ಎಂಬ ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟ ಮೇಲೆ ಅಲ್ಲಿನ ಮರದ ಮನೆಗಳ ರಿಪೇರಿಗೆ ಇದು ಇಲ್ಲದೆ ನಡೆಯದು ಎಂಬಂತಾಯಿತು. ಅಲ್ಲಿ ಗೋಡೆಯೇ ಮರದ್ದು, ಹಾಗಾಗಿ ಗೋಡೆಯನ್ನೇ ಇದರಲ್ಲಿ ಕೊಯ್ಯುತ್ತಾರೆ. ಕಲ್ಲು, ಇಟ್ಟಿಗೆ, ಕಾಂಕ್ರೀಟಿನ ಬೆಂಗಳೂರಿನಲ್ಲಿ ಇದು ಗೋಡೆ ಒಡೆಯುವ ಯಂತ್ರವಲ್ಲ. ಗೋಡೆಗೆ ಬ್ರೇಕರ್ ಬೀಳುವ ಮೊದಲು ಮನೆಯೊಳಗೆ ಬೆಲೆ ಬಾಳುವುದನ್ನು ಇಡಿಯಾಗಿ ಬಿಡಿಸಿಕೊಳ್ಳುವ ಯಂತ್ರ. ಯಾವುದನ್ನು ಕೊಳ್ಳಬೇಕು ಎಂಬ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು. ವ್ಯಾಟ್ ನೋಡಿ ಕೊಂಡವರು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಭಾರವಾದ ಯಂತ್ರ ತಂದು, ತಪ್ಪು ಬ್ಲೇಡು ಹಾಕಿ, ಕೊನೆಗೆ ಗ್ರೈಂಡರನ್ನೇ ಕೈಗೆತ್ತಿಕೊಳ್ಳುತ್ತಾರೆ.

ಊರು, ಮನೆಗಳು

ದಕ್ಷಿಣ ಬೆಂಗಳೂರಿನ ಕೆಡವುವ ಕೆಲಸಕ್ಕೆ ಪುಟ್ಟೇನಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಜೆ.ಪಿ. ನಗರ 7ನೇ ಹಂತಕ್ಕೆ ಸೇರಿಕೊಂಡ ಹಳೆಯ ಹಳ್ಳಿ. ಯಲಹಂಕದ ಕಡೆ ಹಕ್ಕಿಗಳ ಕೆರೆಯಿಂದ ಹೆಸರಾದ ಪುಟ್ಟೇನಹಳ್ಳಿ ಬೇರೆ. ಇಲ್ಲಿನ ಕೆರೆ ಹದಿಮೂರು ಎಕರೆ ಚಿಲ್ಲರೆಯದು. 2010ರಲ್ಲಿ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಅದಕ್ಕೆ ಜೀವ ತುಂಬಿದರು. ಸುತ್ತ ಈಗ ಎತ್ತರದ ಅಪಾರ್ಟ್‌ಮೆಂಟುಗಳು, ಅವುಗಳ ನಡುವೆ ಮೂವತ್ತು–ನಲವತ್ತರ ಸೈಟುಗಳಲ್ಲಿ ಒಂದಕ್ಕೊಂದು ಭುಜ ತಾಗಿಸಿಕೊಂಡ ಮನೆಗಳು. ಹೀಗೆ ಒತ್ತಾಗಿರುವ ಮನೆಯೊಂದನ್ನು ಕೆಡವಿ ಅದೇ ಜಾಗದಲ್ಲಿ ಸ್ಟಿಲ್ಟ್ ಬಿಟ್ಟು ಮೂರು ನಾಲ್ಕು ಮಹಡಿ ಏರಿಸುವುದು ಜಯನಗರ, ಬನಶಂಕರಿ, ಬಿಟಿಎಂ ಲೇಔಟ್, ಜೆ.ಪಿ. ನಗರ ಎಲ್ಲ ಕಡೆ ನಿತ್ಯದ ನೋಟ.

ಕೆಡವುವ ಮನೆಗಳು ಒಂದೇ ಬಗೆಯವಲ್ಲ. 1898ರ ಪ್ಲೇಗಿನ ದಿನಗಳಲ್ಲಿ ಬೆಳೆದ ಬಸವನಗುಡಿಯ ಹಳೆಯ ಮನೆಗಳಲ್ಲಿ ಮದ್ರಾಸ್ ತಾರಸಿ ಇರುತ್ತದೆ, ಅಂದರೆ ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ಮಾಳಿಗೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಮೊದಲ ಮನೆಗಳಿಗೆ ಸೈಜುಗಲ್ಲಿನ ಪಾಯ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಆರ್‌ಸಿಸಿ ಮಾಳಿಗೆ, ರೆಡ್ ಆಕ್ಸೈಡ್ ನೆಲ, ಜಿಐ ಪೈಪು, ಬೀಡು ಕಬ್ಬಿಣದ ಸಂಡಾಸಿನ ಪೈಪು. ಜೆ.ಪಿ. ನಗರ, ಪುಟ್ಟೇನಹಳ್ಳಿಯ ಕಡೆಗೆ ಬಂದರೆ ಸಿಮೆಂಟ್ ಬ್ಲಾಕು, ಟಾರ್ ಸ್ಟೀಲು, ಆಮೇಲೆ ಟಿಎಂಟಿ, ಪಿವಿಸಿ. ಮರದ ಪಾಲು ಕಡಿಮೆಯಾಗುತ್ತ, ಕಬ್ಬಿಣದ ಪಾಲು ಹೆಚ್ಚಾಗುತ್ತ ಬರುತ್ತದೆ. ಬ್ಲೇಡಿನ ಪೆಟ್ಟಿಗೆಯಲ್ಲೂ ಅದೇ ಅನುಪಾತ ಇರಬೇಕು.

ಕೆಡವುವ ಗುತ್ತಿಗೆಯ ಲೆಕ್ಕಾಚಾರ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಹಳೆ ಮನೆಯಲ್ಲಿ ತೇಗ, ಹೊನ್ನೆ, ಮತ್ತಿ ಚೆನ್ನಾಗಿದ್ದರೆ ಗುತ್ತಿಗೆದಾರನೇ ಮನೆಯವರಿಗೆ ದುಡ್ಡು ಕೊಟ್ಟು ಮನೆ ಒಡೆಯುತ್ತಾನೆ. ಬರೀ ಬ್ಲಾಕು, ಕಾಂಕ್ರೀಟು ಆದರೆ ಮನೆಯವರೇ ಅವನಿಗೆ ಕೊಡಬೇಕು. ಅವನ ಲಾಭವೆಲ್ಲ ಬಾಗಿಲು, ಕಿಟಕಿ, ಗ್ರಿಲ್ಲು, ತಾಮ್ರದ ವೈರು, ಕಂಬಿಗಳಲ್ಲಿ. ಸೀಳಿದ ವಾಸ್ಕಲ್ಲು ಸೌದೆಯ ಬೆಲೆಗೆ ಹೋಗುತ್ತದೆ, ಇಡಿಯಾಗಿ ಬಂದದ್ದು ಹಳೆ ಮರದ ಅಂಗಡಿಯಲ್ಲಿ ಮತ್ತೆ ವಾಸ್ಕಲ್ಲಾಗಿಯೇ ನಿಲ್ಲುತ್ತದೆ. ಎಷ್ಟೋ ಮನೆಯವರು ಅಜ್ಜನ ಕಾಲದ ಮುಂಬಾಗಿಲನ್ನು ಹೊಸ ಮನೆಗೇ ಕೂರಿಸಬೇಕೆಂದು ಹಟ ಹಿಡಿಯುವುದೂ ಉಂಟು. ಇಂಥ ಕಡೆ ಈ ಗರಗಸ ತನ್ನ ಬೆಲೆಯನ್ನು ತಾನೇ ದುಡಿದುಕೊಳ್ಳುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಕೆಡವುವಿಕೆಯನ್ನೂ ಈ ಸೀಮೆ ಕಂಡಿದೆ. 2015ರ ಏಪ್ರಿಲ್‌ನಲ್ಲಿ ಪಕ್ಕದ ಸಾರಕ್ಕಿ ಕೆರೆಯ ಒತ್ತುವರಿಯನ್ನು ಜಿಲ್ಲಾಡಳಿತ ತೆರವು ಮಾಡಿದಾಗ ಜೆಸಿಬಿಗಳು ಮನೆ, ಅಂಗಡಿಗಳನ್ನು ನೇರವಾಗಿ ಕೆಡವಿದವು. ಜೆಸಿಬಿ ಒಡೆದ ಮನೆಯಲ್ಲಿ ಮರ, ಕಂಬಿ, ಇಟ್ಟಿಗೆ, ಪೈಪು ಎಲ್ಲ ಕಲಸಿ ಒಂದೇ ಗುಡ್ಡೆಯಾಗುತ್ತದೆ. ಅಂಥ ಗುಡ್ಡೆಯ ಮುಂದೆ ಗರಗಸಕ್ಕೆ ಉಳಿಯುವ ಕೆಲಸ ಹೊರಚಾಚಿದ ಕಂಬಿ ಕತ್ತರಿಸುವುದಷ್ಟೆ, ಅದಕ್ಕೆ ಗ್ಯಾಸ್ ಕಟಿಂಗೇ ಬೇಗ.

ಯಂತ್ರ

ಮಾರುಕಟ್ಟೆಯಲ್ಲಿ ಸಿಗುವವನ್ನು ಮೂರು ಗುಂಪು ಮಾಡಬಹುದು. ಒಂದು ಕೈಯಲ್ಲೂ ಹಿಡಿಯಬಹುದಾದ 12 ವೋಲ್ಟ್ ಆಸುಪಾಸಿನ ಪುಟ್ಟವು. ಇವುಗಳ ಸ್ಟ್ರೋಕು, ಅಂದರೆ ಬ್ಲೇಡು ಒಮ್ಮೆ ಓಡುವ ಉದ್ದ, 13 ಮಿ.ಮೀ. ಹತ್ತಿರ. ಪ್ಲಂಬರ್‌ಗಳಿಗೆ ಇವು ಸಾಕು, ಮನೆ ಕೆಡವುವವರಿಗೆ ಸಾಲವು. ಎರಡನೆಯವು 1000–1200 ವ್ಯಾಟ್‌ನ, ವೈರು ಇರುವ ಮಧ್ಯಮ ಯಂತ್ರಗಳು: ಬಾಷ್ ಜಿಎಸ್ಎ 1100 ಇ (1100 ವ್ಯಾಟ್, 28 ಮಿ.ಮೀ. ಸ್ಟ್ರೋಕು, ನಿಮಿಷಕ್ಕೆ 2700 ಸ್ಟ್ರೋಕುಗಳವರೆಗೆ), ಮಕಿಟಾ ಜೆಆರ್ 3050ಟಿ (1010 ವ್ಯಾಟ್, 28 ಮಿ.ಮೀ., 2800ರವರೆಗೆ). ಮೂರನೆಯವು ಮಕಿಟಾ ಜೆಆರ್ 3070ಸಿಟಿಯಂಥ ಭಾರೀ ಯಂತ್ರಗಳು: 1510 ವ್ಯಾಟ್, 32 ಮಿ.ಮೀ., ತೂಕ ನಾಲ್ಕೂವರೆ ಕೆಜಿ ಆಸುಪಾಸು. 18 ವೋಲ್ಟಿನ ಬ್ಯಾಟರಿ ಯಂತ್ರಗಳು ಸ್ಟ್ರೋಕಿನಲ್ಲಿ ಈ ಕೊನೆಯ ಎರಡು ಗುಂಪಿಗೆ ಸಮ. ಮಕಿಟಾ ಡಿಜೆಆರ್ 186ಕ್ಕೆ 32 ಮಿ.ಮೀ. ಇದೆ.

ಸ್ಟ್ರೋಕು ಉದ್ದವಾದಷ್ಟೂ ಒಂದೊಂದು ಹಲ್ಲಿಗೂ ಹೆಚ್ಚು ಕೆಲಸ ಸಿಗುತ್ತದೆ, ಹೊಟ್ಟು ಸಂದಿಯಿಂದ ಹೊರಬೀಳುತ್ತದೆ, ಬ್ಲೇಡು ಕಡಿಮೆ ಕಾಯುತ್ತದೆ. ಆದರೆ ಗೋಡೆಯ ಮೂಲೆಯಲ್ಲಿ, ಸಿಂಕಿನ ಕೆಳಗೆ, ಬ್ಲೇಡಿನ ತುದಿ ಎದುರಿನ ಗೋಡೆಗೆ ಗುದ್ದುವ ಸಾಧ್ಯತೆಯೂ ಅಷ್ಟೇ ಹೆಚ್ಚು. ಪುಟ್ಟೇನಹಳ್ಳಿಯಂಥ ಕಡೆ ಎರಡು ಮನೆಗಳ ನಡುವಿನ ಸಂದಿ ಒಬ್ಬ ಓರೆಯಾಗಿ ನಿಲ್ಲುವಷ್ಟೇ ಇರುವುದು ಅಪರೂಪವಲ್ಲ. ಪಕ್ಕದ ಮನೆಗೆ ತಾಗಿಕೊಂಡು ಇಳಿದ ಪೈಪನ್ನು ಅಲ್ಲಿ ನಿಂತು ಕತ್ತರಿಸುವವನಿಗೆ ಎರಡನೆಯ ಗುಂಪಿನ ಯಂತ್ರವೇ ಹಿತ. ನನ್ನ ಮಟ್ಟಿಗೆ, ಮನೆ ಕೆಡವುವ ಸಣ್ಣ ಗುತ್ತಿಗೆದಾರ ಮೊದಲು ಕೊಳ್ಳಬೇಕಾದ್ದು ಅದನ್ನೇ. ಭಾರಿಯದು ಮದ್ರಾಸ್ ತಾರಸಿಯ ಜಂತೆ, ದಪ್ಪ ತೊಲೆಗಳನ್ನು ನಿತ್ಯ ಕೊಯ್ಯುವವರಿಗೆ ಇರಲಿ.

ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಬೇಕಾದ ಮೂರು ಸಂಗತಿಗಳಿವೆ. ಬ್ಲೇಡಿನ ಕ್ಲಾಂಪು ಪಾನ, ಅಲೆನ್ ಕೀ ಇಲ್ಲದೆ, ಕೈಗವಸು ಹಾಕಿದ ಕೈಗೂ ತೆರೆಯಬೇಕು. ಬ್ಲೇಡು ಬದಲಿಸುವುದು ದಿನಕ್ಕೆ ಹತ್ತಾರು ಸಲದ ಕೆಲಸ. ಬ್ಲೇಡನ್ನು ಹಲ್ಲು ಮೇಲಾಗಿಯೂ ಹಾಕುವಂತಿದ್ದರೆ ನೆಲಕ್ಕೆ ತಾಗಿಕೊಂಡಂತೆ ಕೊಯ್ಯಬಹುದು. ಟ್ರಿಗರ್ ಒತ್ತಿದಷ್ಟಕ್ಕೆ ವೇಗ ಏರಬೇಕು, ಏಕೆಂದರೆ ಕಬ್ಬಿಣಕ್ಕೆ ನಿಧಾನವೇ ಸರಿ. ಆರ್ಬಿಟಲ್ ಎಂಬ ಸೌಲಭ್ಯ, ಅಂದರೆ ಬ್ಲೇಡು ಹಿಂದೆ ಮುಂದೆ ಹೋಗುವಾಗ ಸ್ವಲ್ಪ ಮೇಲೆ ಕೆಳಗೂ ತೂಗುವುದು, ಮರಕ್ಕೆ ಬಲು ಚುರುಕು, ಕಬ್ಬಿಣಕ್ಕೆ ಹಲ್ಲು ಮುರಿಯುವ ದಾರಿ. ಅದು ಇದ್ದರೆ ಆರಿಸಲು ಗುಂಡಿಯೂ ಇರಬೇಕು.

ಬ್ಲೇಡು

ಯಂತ್ರಕ್ಕೆ ಒಮ್ಮೆ ದುಡ್ಡು, ಬ್ಲೇಡಿಗೆ ತಿಂಗಳು ತಿಂಗಳೂ ದುಡ್ಡು. ಒಳ್ಳೆಯ ಸುದ್ದಿ ಏನೆಂದರೆ ಬ್ಲೇಡಿನ ಬುಡ ಹೆಚ್ಚುಕಡಿಮೆ ಎಲ್ಲ ಕಂಪನಿಗಳಿಗೂ ಒಂದೇ. ಬಾಷ್ ಬ್ಲೇಡು ಮಕಿಟಾಗೆ ಕೂರುತ್ತದೆ, ಡಿವಾಲ್ಟ್ ಬ್ಲೇಡು ಬಾಷ್‌ಗೆ. ಹಾಗಾಗಿ ಯಂತ್ರದ ಕಂಪನಿಗೂ ಬ್ಲೇಡಿನ ಕಂಪನಿಗೂ ಗಂಟು ಹಾಕಬೇಕಿಲ್ಲ.

ಬ್ಲೇಡು ಮೂರು ಜಾತಿ. ಬರೀ ಹೈ ಕಾರ್ಬನ್ ಸ್ಟೀಲಿನದು ಅಗ್ಗ, ಮೊಳೆಯಿಲ್ಲದ ಮರಕ್ಕೆ ಮತ್ತು ಕೊಂಬೆ ಸವರುವುದಕ್ಕೆ ಮಾತ್ರ. ಬೈಮೆಟಲ್‌ನಲ್ಲಿ ಬಾಗುವ ಸ್ಪ್ರಿಂಗ್ ಸ್ಟೀಲಿನ ಬೆನ್ನಿಗೆ ಗಡಸು ಹೈಸ್ಪೀಡ್ ಸ್ಟೀಲಿನ ಹಲ್ಲಂಚನ್ನು ಬೆಸೆದಿರುತ್ತಾರೆ. ಬಾಗಿದರೂ ಮುರಿಯುವುದಿಲ್ಲ, ಮೊಳೆ ಸಿಕ್ಕರೂ ತಡೆಯುತ್ತದೆ. ಮನೆ ಕೆಡವುವ ಕೆಲಸದ ಮುಕ್ಕಾಲು ಪಾಲು ಇದರದೇ. ಮೂರನೆಯದು ಕಾರ್ಬೈಡ್ ಹಲ್ಲಿನದು. ದುಬಾರಿ, ಆದರೆ ಬೀಡು ಕಬ್ಬಿಣ, ಸ್ಟೇನ್‌ಲೆಸ್ ಸ್ಟೀಲು, ಗಾರೆ ಅಂಟಿದ ಕಬ್ಬಿಣಕ್ಕೆ ಬೇರೆ ಗತಿಯಿಲ್ಲ. ಜಯನಗರದ ಹಳೆ ಮನೆಗಳ ಬೀಡು ಪೈಪಿನ ಮುಂದೆ ಬೈಮೆಟಲ್ ಬ್ಲೇಡು ನೋಡನೋಡುತ್ತಲೇ ಬೋಳಾಗುತ್ತದೆ.

ಹಲ್ಲಿನ ಲೆಕ್ಕಕ್ಕೆ ಕೆಲಸಗಾರರ ಹಳೆಯ ನಿಯಮವೊಂದಿದೆ: ಕತ್ತರಿಸುವ ವಸ್ತುವಿನ ದಪ್ಪದಲ್ಲಿ ಒಂದೇ ಹೊತ್ತಿಗೆ ಕಡಿಮೆಯೆಂದರೂ ಮೂರು ಹಲ್ಲು ಕಚ್ಚಿರಬೇಕು. ಇಂಚಿಗೆ 10 ಹಲ್ಲಿನದು ಮೊಳೆ ಇರುವ ಮರಕ್ಕೆ, 14ರದು ದಪ್ಪ ಪಟ್ಟಿ ಮತ್ತು ಕಂಬಿಗೆ, 18ರದು ಜಿಐ ಪೈಪಿನ ಗೋಡೆಗೆ ಮತ್ತು ತೆಳು ಆಂಗಲ್‌ಗೆ. ಬಾಷ್ ಬ್ಲೇಡಿನ ಸಂಖ್ಯೆಯಲ್ಲೇ ಇದೆಲ್ಲ ಇರುತ್ತದೆ: ಎಸ್ 922ರಿಂದ ಶುರುವಾದರೆ 150 ಮಿ.ಮೀ. ಉದ್ದ, 1122 ಎಂದರೆ 225, 1222 ಎಂದರೆ 300. ಕೊನೆಯಲ್ಲಿ ಎಚ್ಎಫ್ ಎಂದಿದ್ದರೆ 10 ಹಲ್ಲು, ಬಿಎಫ್ ಎಂದರೆ 14, ಇಎಫ್ ಎಂದರೆ 18. ಇದನ್ನು ತಿಳಿದವರು ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಬೇಕಾದ್ದನ್ನು ಬಾಯಲ್ಲೇ ಹೇಳಬಹುದು, ‘ಕಬ್ಬಿಣದ್ದು ಒಂದು ಕೊಡಿ’ ಎನ್ನುವ ಪಾಡಿಲ್ಲ.

ವಾಸ್ಕಲ್ಲು ಬಿಡಿಸುವ ಕೆಲಸದಲ್ಲಿ ಈ ಲೆಕ್ಕವೆಲ್ಲ ಕಣ್ಣೆದುರು ನಡೆಯುತ್ತದೆ. ತೇಗದ ನಾಲ್ಕು–ಮೂರಿಂಚಿನ ಚೌಕಟ್ಟನ್ನು ಗೋಡೆಗೆ ಹಿಡಿದಿರುವುದು ಎರಡೂ ಪಕ್ಕ ಸಾಮಾನ್ಯವಾಗಿ ಮೂರು ಮೂರು ಹೋಲ್ಡ್‌ಫಾಸ್ಟುಗಳು. ಕಬ್ಬಿಣದ ಪಟ್ಟಿಯ ಒಂದು ತುದಿ ಮರಕ್ಕೆ ಸ್ಕ್ರೂ ಆಗಿರುತ್ತದೆ, ಇನ್ನೊಂದು ತುದಿ ಗೋಡೆಯೊಳಗೆ ಹೂತಿರುತ್ತದೆ. ಹಾರೆ ಹಾಕಿ ಮೀಟಿದರೆ ಪಟ್ಟಿಯ ಬಳಿ ಮರ ಸೀಳುತ್ತದೆ. ಸಮ್ಮಟಿಗೆಯಲ್ಲಿ ಗೋಡೆ ಒಡೆದರೆ ಮೇಲಿನ ಮೂಲೆಗಳ ಕೂಡು ಬಿಚ್ಚಿಕೊಳ್ಳುತ್ತದೆ. ಗರಗಸದವನು ಮೊದಲು ಉಳಿ ಸುತ್ತಿಗೆಯಿಂದ ಚೌಕಟ್ಟಿನ ಸುತ್ತಲ ಪ್ಲಾಸ್ಟರನ್ನು ಎರಡು ಬೆರಳಗಲ ಕೆತ್ತಿ ಬಿಸಾಡುತ್ತಾನೆ. ಮರಕ್ಕೂ ಗೋಡೆಗೂ ನಡುವಿನ ಗೆರೆ ಕಂಡ ಮೇಲೆ ಹಳೆಯ ಹ್ಯಾಕ್ಸಾ ಬ್ಲೇಡೊಂದನ್ನು ಅದರಲ್ಲಿ ತೂರಿಸಿ ಮೇಲಿಂದ ಕೆಳಕ್ಕೆ ಎಳೆಯುತ್ತಾನೆ. ಟಕ್ಕೆಂದು ನಿಂತ ಕಡೆ ಹೋಲ್ಡ್‌ಫಾಸ್ಟು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸಂದಿಯಲ್ಲಿರುವ ಗಾರೆಯನ್ನು ಕೆರೆದು, ಆಮೇಲೆ 225 ಮಿ.ಮೀ. ಬ್ಲೇಡು. ನಾಲ್ಕಿಂಚಿನ ಮರವನ್ನು ದಾಟಿ, ಸ್ಟ್ರೋಕಿಗೂ ಜಾಗ ಉಳಿಯಬೇಕಾದರೆ 150 ಸಾಲದು, 300 ತೊನೆಯುತ್ತದೆ. ಪಟ್ಟಿ ಐದಾರು ಮಿ.ಮೀ. ದಪ್ಪ, 14 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿಂದ ಹಲ್ಲಿಗೆ 1.8 ಮಿ.ಮೀ., ಅಂದರೆ ಸರಿಯಾಗಿ ಮೂರು ಹಲ್ಲು ಕಚ್ಚುತ್ತವೆ. ಯಂತ್ರದ ಮೂತಿಯಲ್ಲಿರುವ ಪಾದವನ್ನು ಮರಕ್ಕೆ ಒತ್ತಿ ಹಿಡಿದು, ಅರ್ಧ ವೇಗದಲ್ಲಿ, ಒಂದೆರಡು ಹನಿ ಎಣ್ಣೆ ಬಿಟ್ಟುಕೊಂಡು ಕೊಯ್ಯಬೇಕು. ಪಾದ ಬಿಟ್ಟರೆ ಇಡೀ ಯಂತ್ರ ಕುಣಿಯುತ್ತದೆ, ಬ್ಲೇಡು ಡೊಂಕಾಗುತ್ತದೆ. ಐದು ಪಟ್ಟಿ ಕೊಯ್ದ ಮೇಲೆ ಚೌಕಟ್ಟಿಗೆ ಹಗ್ಗ ಕಟ್ಟಿ ಒಬ್ಬ ಹಿಡಿದುಕೊಳ್ಳದೆ ಆರನೆಯದಕ್ಕೆ ಕೈ ಹಾಕಬಾರದು.

ಇಷ್ಟಕ್ಕೂ ಮುಂಚೆ ನೋಡಬೇಕಾದ್ದು ಮೇಲೆ ಲಿಂಟಲ್ ಇದೆಯೋ ಇಲ್ಲವೋ ಎಂಬುದನ್ನು. ಕೆಲವು ಹಳೆ ಮನೆಗಳಲ್ಲಿ ಮೇಲಿನ ಗೋಡೆಯ ಭಾರ ವಾಸ್ಕಲ್ಲಿನ ಮೇಲೇ ಕೂತಿರುತ್ತದೆ. ಅಲ್ಲಿ ಗರಗಸ ಆಡಿಸುವ ಮೊದಲು ಆಸರೆ ಕೊಡಬೇಕು. ಸಜ್ಜೆಯದೂ ಅದೇ ಕಥೆ: ಅದು ಹೊರಗೆ ಚಾಚಿ ನಿಂತಿರುವುದು ಒಳಗೆ ಅದರ ಬುಡದ ಮೇಲಿರುವ ಗೋಡೆಯ ತೂಕದಿಂದ. ಗೋಡೆ ಮೊದಲು ತೆಗೆದರೆ ಸಜ್ಜೆ ಕೆಳಗೆ ನಿಂತವನ ಮೇಲೆ ಬರುತ್ತದೆ.

ಗ್ರೈಂಡರು, ಗ್ಯಾಸು, ಗರಗಸ

ಕಂಬಿ ಕತ್ತರಿಸುವುದರಲ್ಲಿ ಗ್ರೈಂಡರಿನ ವೇಗ ಗರಗಸಕ್ಕೆ ಇಲ್ಲ. ಬಯಲಿನಲ್ಲಿ, ಕೈ ಎಟಕುವ ಕಡೆ, 12 ಮಿ.ಮೀ. ಟಿಎಂಟಿ ಕಂಬಿಗೆ ನಾಲ್ಕಿಂಚಿನ ಗ್ರೈಂಡರನ್ನು ಬಿಟ್ಟು ಗರಗಸ ಹಿಡಿಯುವುದು ಹಠವಷ್ಟೆ. ಆದರೆ ಗ್ರೈಂಡರಿನ ಚಕ್ರ ಅದರ ಅರ್ಧ ಅಗಲಕ್ಕಿಂತಲೂ ಕಡಿಮೆ ಆಳಕ್ಕೆ ಹೋಗುತ್ತದೆ, ಸಂದಿಗೆ ತೂರುವುದಿಲ್ಲ, ಕಿಡಿ ಕಾರುತ್ತದೆ. ಒಣಗಿದ ತೇಗ, ಫಾಲ್ಸ್ ಸೀಲಿಂಗು, ಹಳೆಯ ಹಾಸಿಗೆ ಬಟ್ಟೆಗಳ ನಡುವೆ ಕಿಡಿ ಎಂದರೆ ಬೆಂಕಿಗೆ ಆಹ್ವಾನ. ಬೆಂಕಿಯ ಅಪಾಯದಲ್ಲಿ ಗ್ಯಾಸ್ ಕಟಿಂಗ್ ಇನ್ನೂ ಮುಂದು. ಗರಗಸದ ಜಾಗ ಇರುವುದು ಇವೆರಡೂ ಹೋಗಲಾರದ ಸಂದಿಗಳಲ್ಲಿ ಮತ್ತು ಮರವೂ ಕಬ್ಬಿಣವೂ ಒಂದರೊಳಗೊಂದು ಸೇರಿಕೊಂಡ ಕಡೆಗಳಲ್ಲಿ. ಮಾಳಿಗೆಯ ಕಂಬಿಗಳನ್ನು ಗುಜರಿಯವರು ಉದ್ದಕ್ಕೇ ಬಯಸುತ್ತಾರೆ. ಅವನ್ನು ಕತ್ತರಿಸುವುದಕ್ಕಿಂತ ಸಮ್ಮಟಿಗೆಯಿಂದ ಕಾಂಕ್ರೀಟು ಉದುರಿಸಿ ಎಳೆದುಕೊಳ್ಳುವುದೇ ವಾಡಿಕೆ.

ಸೈಟಿನಲ್ಲಿ ಅಡ್ಡ ಬಂದ ಕೊಂಬೆ ಸವರುವುದಕ್ಕೂ ದೊಡ್ಡ ಹಲ್ಲಿನ ಬ್ಲೇಡು ಹಾಕಿ ಇದನ್ನು ಬಳಸುತ್ತಾರೆ. ಮರವನ್ನೇ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ವೈರೋ ಬ್ಯಾಟರಿಯೋ

ಮನೆ ಕೆಡವುವ ಮೊದಲು ಬೆಸ್ಕಾಂನಿಂದ ಕರೆಂಟು ತೆಗೆಸಬೇಕು. ತೆಗೆಸದೆ ಗೋಡೆಯೊಳಕ್ಕೆ ಬ್ಲೇಡು ಹಾಕುವುದು ಸಾವಿನ ಜೊತೆ ಆಟ. ತೆಗೆಸಿದ ಮೇಲೆ ವೈರಿನ ಯಂತ್ರಕ್ಕೆ ಕರೆಂಟು ಎಲ್ಲಿಂದ? ತಾತ್ಕಾಲಿಕ ಕನೆಕ್ಷನ್ನು, ಜನರೇಟರು, ಇಲ್ಲವೇ ಪಕ್ಕದ ಮನೆಯವರ ಕೃಪೆ. ಬ್ಯಾಟರಿಯ ಪರವಾಗಿ ಇರುವ ಬಲವಾದ ವಾದ ಇದೊಂದೇ, ಆದರೆ ಇದೊಂದೇ ಸಾಕು.

18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 90 ವ್ಯಾಟ್-ಅವರ್ ಶಕ್ತಿ. 1100 ವ್ಯಾಟ್ ಯಂತ್ರ ಪೂರ್ತಿ ಎಳೆದರೆ ಅದು ಐದೇ ನಿಮಿಷಕ್ಕೆ ಮುಗಿಯಬೇಕು. ಕೊಯ್ಯುವ ಕೆಲಸ ಬಿಟ್ಟು ಬಿಟ್ಟು ನಡೆಯುವುದರಿಂದ, ಪೂರ್ತಿ ಭಾರ ಸದಾ ಬೀಳದ್ದರಿಂದ ಹಾಗಾಗುವುದಿಲ್ಲ. ಆದರೂ ಒಂದೇ ಬ್ಯಾಟರಿ ನೆಚ್ಚಿ ಕೆಲಸಕ್ಕಿಳಿಯುವಂತಿಲ್ಲ. ಒಂದು ಓಡುವಾಗ ಇನ್ನೊಂದು ಚಾರ್ಜಿನಲ್ಲಿರಬೇಕು. ‘20 ವೋಲ್ಟ್ ಮ್ಯಾಕ್ಸ್’ ಎಂದು ಬರೆದದ್ದೂ 18 ವೋಲ್ಟಿನದೂ ಒಂದೇ: ಐದು ಸೆಲ್ಲುಗಳು ಪೂರ್ತಿ ತುಂಬಿದಾಗಿನ ಅಂಕಿಯನ್ನು ಒಬ್ಬರು ಹೇಳುತ್ತಾರೆ, ಬಳಕೆಯ ಸರಾಸರಿಯನ್ನು ಇನ್ನೊಬ್ಬರು. ಈಗಾಗಲೇ ಡ್ರಿಲ್ಲೋ ಗ್ರೈಂಡರೋ ಬ್ಯಾಟರಿಯದು ಇರುವವರು ಅದೇ ಕಂಪನಿಯ ಬರೀ ಯಂತ್ರ ಕೊಂಡರೆ ಬೆಲೆ ಎಷ್ಟೋ ಇಳಿಯುತ್ತದೆ.

ಕೈ, ಉಸಿರು

ಈ ಗರಗಸದ ದೊಡ್ಡ ದೋಷ ನಡುಕ. ಕೈಗೆ ತಾಗುವ ನಡುಕಕ್ಕೆ ಯುರೋಪಿನ 2002ರ ನಿರ್ದೇಶನವು ಎಂಟು ತಾಸಿನ ಸರಾಸರಿಯಲ್ಲಿ ಸೆಕೆಂಡ್ ವರ್ಗಕ್ಕೆ 5 ಮೀಟರ್ ಎಂಬ ಮಿತಿ ಹಾಕಿದೆ. ಇಂಥ ಯಂತ್ರಗಳ ಕೈಪಿಡಿಯಲ್ಲಿ ನಡುಕದ ಅಂಕಿ ಹತ್ತನ್ನು ದಾಟುವುದು ಸಾಮಾನ್ಯ. ಅಂಕಿ 20 ಇದ್ದರೆ ಆ ಮಿತಿ ಮುಟ್ಟಲು ಟ್ರಿಗರ್ ಒತ್ತಿದ ಅರ್ಧ ಗಂಟೆ ಸಾಕು. ವರ್ಷಗಟ್ಟಲೆ ಮೀರಿದರೆ ಬೆರಳು ಬೆಳ್ಳಗಾಗಿ ಜೋಮು ಹಿಡಿಯುವ ಕಾಯಿಲೆ ಬರುತ್ತದೆ. ಹಾಗಾಗಿ ಯಂತ್ರವನ್ನು ಒಬ್ಬನೇ ದಿನವಿಡೀ ಹಿಡಿಯದೆ ಕೈ ಬದಲಿಸಿಕೊಳ್ಳಬೇಕು. ನಡುಕ ತಗ್ಗಿಸುವ ವ್ಯವಸ್ಥೆ ಇರುವ ಮಾದರಿಗೆ ಕೊಡುವ ಹೆಚ್ಚಿನ ಬೆಲೆ ದಂಡವಲ್ಲ.

ಅದಕ್ಕಿಂತ ಗಂಭೀರವಾದ್ದು ಶೀಟು. ಹಿತ್ತಲಿನ ಬಚ್ಚಲಿಗೆ, ಕಾರ್ ಶೆಡ್ಡಿಗೆ ಹೊದಿಸಿದ ಹಳೆಯ ಸಿಮೆಂಟ್ ಶೀಟುಗಳು ಬಹುಮಟ್ಟಿಗೆ ಕಲ್ನಾರು ಬೆರೆತವು. ಅವುಗಳಿಗೆ ಯಾವ ಗರಗಸವೂ ತಾಗಬಾರದು. ನೀರು ಚಿಮುಕಿಸಿ, ಜೆ-ಬೋಲ್ಟುಗಳ ನಟ್ಟು ಬಿಚ್ಚಿ, ಒಡೆಯದೆ ಇಳಿಸಬೇಕು. ನಟ್ಟು ತುಕ್ಕು ಹಿಡಿದಿದ್ದರೆ ಗರಗಸದಿಂದ ಕೊಯ್ಯಬೇಕಾದ್ದು ಬೋಲ್ಟನ್ನು, ಶೀಟನ್ನಲ್ಲ. ಕಾರ್ಬೈಡ್ ಬ್ಲೇಡಿನಲ್ಲಿ ಬ್ಲಾಕು ಕೊಯ್ದಾಗ ಏಳುವ ಧೂಳಿನಲ್ಲೂ ಸಿಲಿಕಾ ಇದೆ, ಅದಕ್ಕೆ ಬಾಯಿಗೆ ಕಟ್ಟಿದ ಟವಲು ತಡೆಯಲ್ಲ. ಕಟ್ಟಡ ಕೆಡವುವ ಸುರಕ್ಷತೆಗೆ ಐಎಸ್ 4130 ಎಂಬ ಭಾರತೀಯ ಮಾನಕ ಇದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಕೆಡವುವವರನ್ನೂ ಕಟ್ಟಡ ಕಾರ್ಮಿಕರೆಂದೇ ಎಣಿಸಿತ್ತು. ಸಣ್ಣ ಮನೆಗಳ ಕೆಲಸದಲ್ಲಿ ಚಪ್ಪಲಿಯಲ್ಲೇ ಮಾಳಿಗೆ ಹತ್ತಿದವರನ್ನು ನೋಡಿದರೆ ಇವೆರಡೂ ಅಷ್ಟು ದೂರ ತಲುಪಿಲ್ಲ ಎನ್ನಬೇಕಾಗುತ್ತದೆ.

ಅವಶೇಷ

2016ರ ನಿರ್ಮಾಣ ಮತ್ತು ಕೆಡವು ತ್ಯಾಜ್ಯ ನಿಯಮಗಳು ದಿನಕ್ಕೆ 20 ಟನ್ ಅಥವಾ ಒಂದು ಕೆಲಸದಿಂದ ತಿಂಗಳಿಗೆ 300 ಟನ್‌ಗಿಂತ ಹೆಚ್ಚು ತ್ಯಾಜ್ಯ ಮಾಡುವವರು ಕಾಂಕ್ರೀಟು, ಮಣ್ಣು, ಕಬ್ಬಿಣ–ಮರ–ಪ್ಲಾಸ್ಟಿಕ್ಕು, ಇಟ್ಟಿಗೆ–ಗಾರೆ ಎಂದು ನಾಲ್ಕು ಪಾಲು ಮಾಡಬೇಕೆಂದು ಹೇಳಿದವು. ಮೂವತ್ತು–ನಲವತ್ತರ ಸೈಟಿನ ಮನೆಯೂ ಒಂದೇ ದಿನದಲ್ಲಿ ನೆಲಕ್ಕಿಳಿದರೆ 20 ಟನ್ ದಾಟುವುದು ಸುಲಭ. ಮೊದಲು ಬಿಡಿಸಿಕೊಂಡು ಆಮೇಲೆ ಒಡೆದ ಮನೆಯಲ್ಲಿ ಮೂರನೆಯ ಪಾಲು ತಾನಾಗಿಯೇ ಬೇರೆಯಾಗಿರುತ್ತದೆ, ಉಳಿದ ಇಟ್ಟಿಗೆ ಕಾಂಕ್ರೀಟನ್ನು ಪುಡಿ ಮಾಡಿ ಮತ್ತೆ ಬಳಸಬಹುದು. ಬೆರೆತ ಲೋಡು ರಾತ್ರಿ ಹೊತ್ತು ಕೆರೆಯಂಚಿಗೋ ರಾಜಕಾಲುವೆಗೋ ಬೀಳುವುದು ಬೆಂಗಳೂರಿನ ಹಳೆಯ ರೋಗ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರಪಾಲಿಕೆಗಳೂ ಬಂದ ಮೇಲೆ ಇದನ್ನು ತಡೆಯುವ ಹೊಣೆ ಹೊಸ ಪಾಲಿಕೆಗಳ ಮೇಲಿದೆ.

ಕೊಳ್ಳುವುದು

ವರ್ಷಕ್ಕೆ ಒಂದೋ ಎರಡೋ ಮನೆ ಕೆಡವುವವರು ಯಂತ್ರವನ್ನು ಬಾಡಿಗೆಗೆ ತಂದು ಬ್ಲೇಡನ್ನು ಮಾತ್ರ ಸ್ವಂತಕ್ಕೆ ಕೊಳ್ಳುವುದು ಲೇಸು. ಬಾಡಿಗೆ ಅಂಗಡಿಯ ಬ್ಲೇಡು ಹಲ್ಲು ಸವೆದೇ ಇರುತ್ತದೆ. ಆಡುಗೋಡಿಯಲ್ಲಿ ಬಾಷ್‌ನದೇ ಆದ ಮೈಕೊ ಫ್ಯಾಕ್ಟರಿಯನ್ನು ನೋಡುತ್ತ ಬೆಳೆದ ಊರಿಗೆ ಬಾಷ್ ಹೆಸರು ಹೊಸದಲ್ಲ. ಆದರೆ ಹೆಸರಿಗಿಂತ ಮುಖ್ಯವಾದ್ದು ಕಾರ್ಬನ್ ಬ್ರಷ್ಷು, ಬ್ಲೇಡ್ ಕ್ಲಾಂಪು, ಸ್ವಿಚ್ಚು ಈ ಮೂರೂ ಅಂಗಡಿಯಲ್ಲಿ ಕೇಳಿದ ದಿನವೇ ಸಿಗುತ್ತವೆಯೇ ಎಂಬುದು. ಸೆಕೆಂಡ್ ಹ್ಯಾಂಡ್ ಯಂತ್ರ ನೋಡುವಾಗ ಪ್ಲಗ್ ತೆಗೆದು, ಬ್ಲೇಡು ಹಾಕಿ, ಅದರ ತುದಿಯನ್ನು ಬೆರಳಿನಿಂದ ಪಕ್ಕಕ್ಕೆ ಅಲುಗಿಸಬೇಕು. ಬ್ಲೇಡು ಬುಡದಲ್ಲೇ ಲೊಟಲೊಟ ಎಂದರೆ ಕ್ಲಾಂಪು ಸವೆದಿದೆ. ಬ್ಲೇಡು ಹಿಡಿದ ಸರಳೇ ಅಲುಗಿದರೆ ಒಳಗಿನ ಬುಷ್ಷು ಹೋಗಿದೆ. ಮೊದಲನೆಯದನ್ನು ಬದಲಿಸಿಕೊಳ್ಳಬಹುದು, ಎರಡನೆಯದಾದರೆ ಚೌಕಾಸಿ ಮಾಡದೆ ಅಂಗಡಿಯಿಂದ ಹೊರಡುವುದೇ ಲಾಭ.